ಪಾರ್ಕಿನ್ಸನ್ನಿನಲ್ಲಿ ಕುಗ್ಗುವ ದನಿ: ನಿಮ್ಮ ಪ್ರಶ್ನೆಗಳಿಗೆ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯದ ಸುತ್ತ ಇದ್ದವು. ಕೈ ನಡುಕಕ್ಕೆ, ನಡಿಗೆಗೆ ಮಾತ್ರೆ ಸಿಕ್ಕಿದೆ, ಆದರೆ ಮಾತು ಕೇಳಿಸುತ್ತಿಲ್ಲ, ಅದಕ್ಕೇನು ಮಾಡುವುದು ಎಂಬುದು ಎಲ್ಲರ ಪ್ರಶ್ನೆ. ಹಾಗಾಗಿ ಈ ಅಂಕಣವನ್ನು ಪೂರ್ತಿ ಅದಕ್ಕೇ ಬಿಟ್ಟಿದ್ದೇವೆ.

ಪ್ರಶ್ನೆ: ಅಪ್ಪನಿಗೆ 71 ವರ್ಷ. ಪಾರ್ಕಿನ್ಸನ್ ಗೊತ್ತಾಗಿ 5 ವರ್ಷವಾಯಿತು. ದನಿ ದಿನೇ ದಿನೇ ಸಣ್ಣದಾಗುತ್ತಿದೆ. "ಸ್ವಲ್ಪ ಜೋರಾಗಿ ಹೇಳಪ್ಪ" ಅಂದರೆ "ಇನ್ನೆಷ್ಟು ಕಿರುಚಲಿ?" ಎಂದು ರೇಗುತ್ತಾರೆ. ಮಾತ್ರೆ ಹೆಚ್ಚು ಮಾಡಿಸಬೇಕೇ?

ಉತ್ತರ: ಅಪ್ಪನ ಸಿಟ್ಟಿನಲ್ಲಿ ನ್ಯಾಯವಿದೆ. ಅವರ ಲೆಕ್ಕದಲ್ಲಿ ಅವರು ಜೋರಾಗಿಯೇ ಮಾತಾಡುತ್ತಿದ್ದಾರೆ. ಈ ಕಾಯಿಲೆಯಲ್ಲಿ ಕೆಡುವುದು ಗಂಟಲಷ್ಟೇ ಅಲ್ಲ, ಎಷ್ಟು ಜೋರು ಅನ್ನುವುದನ್ನು ಅಳೆಯುವ ಒಳಗಿನ ತಕ್ಕಡಿಯೂ ಕೆಡುತ್ತದೆ. ಹೆಜ್ಜೆ ಚಿಕ್ಕದಾಗುತ್ತದೆ, ಅಕ್ಷರ ಇರುವೆ ಸಾಲಿನಂತಾಗುತ್ತದೆ, ದನಿ ಇಳಿಯುತ್ತದೆ. ಮೂರೂ ಒಂದೇ ದೋಷದ ಮೂರು ಮುಖ. ಮೆದುಳು ಚಲನೆಯ ಅಳತೆಯನ್ನು ಕಡಿಮೆ ಮಾಡಿ, ಅದನ್ನೇ ಸರಿಯೆಂದು ನಂಬಿಬಿಡುತ್ತದೆ.

ಇದರ ಜೊತೆಗೆ ದೇಹದ ಕಾರಣಗಳೂ ಇವೆ. ಎದೆಗೂಡಿನ ಸ್ನಾಯುಗಳು ಬಿಗಿಯಾಗಿ ಉಸಿರು ಚಿಕ್ಕದಾಗುತ್ತದೆ. ಧ್ವನಿಪೆಟ್ಟಿಗೆಯ ಎರಡು ತಂತುಗಳು ಒಂದಕ್ಕೊಂದು ಪೂರ್ತಿ ಕೂಡದೆ ನಡುವೆ ಬಿಲ್ಲಿನಂತೆ ಸಂದು ಬಿಡುತ್ತವೆ, ಗಾಳಿ ಅಲ್ಲಿಂದ ಸೋರಿಹೋಗುತ್ತದೆ. ದನಿ ಉಸಿರುಸಿರಾಗಿ, ಏರಿಳಿತವಿಲ್ಲದೆ ಕೇಳುವುದು ಇದರಿಂದ. 1817ರಲ್ಲಿ ಈ ಕಾಯಿಲೆಯನ್ನು ವಿವರವಾಗಿ ಬರೆದ ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್ಸನ್ ಅವರೇ, ರೋಗ ಬಲಿತಾಗ ಮಾತು ಅರ್ಥವಾಗದಂತಾಗುವುದನ್ನು ಗುರುತಿಸಿದ್ದರು.

ಇನ್ನು ಮಾತ್ರೆಯ ವಿಷಯ. ಈ ಕಾಯಿಲೆಗೆ ಕೊಡುವ ಮುಖ್ಯ ಔಷಧಿ ಲೆವೊಡೋಪಾ ಕೈಕಾಲಿಗೆ ಕೆಲಸ ಮಾಡಿದಷ್ಟು ದನಿಗೆ ಮಾಡುವುದಿಲ್ಲ. ಕೆಲವರಿಗೆ ಒಂದಿಷ್ಟು ಅನುಕೂಲವಾದೀತು, ಹಲವರಿಗೆ ಏನೂ ಆಗದು. ದನಿಗಾಗಿ ಮಾತ್ರ ಡೋಸ್ ಏರಿಸಿಕೊಂಡು ಹೋದರೆ ಮೈ ತಾನಾಗಿ ಹೊಯ್ದಾಡುವಂಥ ಹೊಸ ತೊಂದರೆ ಗಂಟುಬೀಳಬಹುದು. ಮೊದಲು ಇಎನ್‌ಟಿ ವೈದ್ಯರಿಂದ ಧ್ವನಿಪೆಟ್ಟಿಗೆಯ ಒಳಗೆ ಕ್ಯಾಮೆರಾ ಹಾಕಿ ನೋಡಿಸಿ. ಗಂಟು, ಗಡ್ಡೆ, ಒಂದು ತಂತು ಅಲುಗಾಡದಿರುವುದು ಇವೆಲ್ಲವನ್ನೂ "ಪಾರ್ಕಿನ್ಸನ್ ಅಲ್ಲವೇ" ಎಂದು ತಳ್ಳಿಹಾಕಿ ಮೋಸಹೋಗುವುದುಂಟು. ಅಲ್ಲೇನೂ ಇಲ್ಲವೆಂದಾದ ಮೇಲೆ ಸ್ಪೀಚ್ ಥೆರಪಿಸ್ಟ್ ಹತ್ತಿರ ಹೋಗಿ.

ಮನೆಯಲ್ಲಿ ಇಂದೇ ಮಾಡಬಹುದಾದದ್ದು ಒಂದಿದೆ. ಫೋನನ್ನು 1 ಮೀಟರ್ ದೂರದಲ್ಲಿಟ್ಟು ಅಪ್ಪನ ಜೊತೆಗಿನ 2 ನಿಮಿಷದ ಮಾತನ್ನು, ಅವರಿಗೆ ಹೇಳಿಯೇ, ರೆಕಾರ್ಡ್ ಮಾಡಿ. ಆಮೇಲೆ ಅವರು "ಕಿರುಚಿದಂತೆ" ಅನ್ನಿಸುವ ದನಿಯಲ್ಲಿ ಅದೇ ಮಾತನ್ನು ಇನ್ನೊಮ್ಮೆ ಹೇಳಲಿ. ಎರಡನ್ನೂ ಮರುದಿನ ಒಟ್ಟಿಗೆ ಕೇಳಿಸಿ. ಕಿರುಚಿದ್ದು ಮಾಮೂಲಿ ಮಾತಿನಂತೆ, ಮಾಮೂಲಿ ಮಾತು ಪಿಸುಮಾತಿನಂತೆ ಕೇಳುತ್ತದೆ. ನೀವು ನೂರು ಸಲ ಹೇಳಿದರೂ ಒಪ್ಪದ್ದನ್ನು ಅವರ ಕಿವಿಯೇ ಅವರಿಗೆ ಹೇಳುತ್ತದೆ.

ಪ್ರಶ್ನೆ: ದನಿಗೆ ಮನೆಯಲ್ಲೇ ಮಾಡುವ ವ್ಯಾಯಾಮ ತಿಳಿಸಿ. ಎಷ್ಟು ಹೊತ್ತು, ಎಷ್ಟು ಸಲ? ನಾನು ದಿನಾ ಕೂಗಿ ಅಭ್ಯಾಸ ಮಾಡುತ್ತೇನೆ, ಆದರೆ ಗಂಟಲು ಕಟ್ಟುತ್ತದೆ.

ಉತ್ತರ: ಈ ಕಾಯಿಲೆಯ ದನಿಗೆಂದೇ ರೂಪಿಸಿದ ಪದ್ಧತಿಗಳಲ್ಲಿ ಹೆಚ್ಚು ಪರೀಕ್ಷೆಗೆ ಒಳಗಾದದ್ದು ಎಲ್‌ಎಸ್‌ವಿಟಿ ಲೌಡ್. 1980ರ ದಶಕದಲ್ಲಿ ಅಮೆರಿಕದಲ್ಲಿ ಲೊರೇನ್ ರಾಮಿಗ್ ಮತ್ತು ಸಂಗಡಿಗರು ಇದನ್ನು ಶುರುಮಾಡಿದರು. ವಾರಕ್ಕೆ 4 ದಿನದಂತೆ 4 ವಾರ, ಒಟ್ಟು 16 ಪಾಠ, ಒಂದೊಂದೂ 1 ಗಂಟೆ. ಅದರ ಗುಟ್ಟು ಬಹಳ ಸರಳ. ತುಟಿ ಹೀಗಿಡಿ, ನಾಲಿಗೆ ಹಾಗಿಡಿ, ನಿಧಾನಿಸಿ ಎಂದು ಹತ್ತು ಸೂಚನೆ ಕೊಡುವುದಿಲ್ಲ. "ಜೋರಾಗಿ" ಎಂಬ ಒಂದೇ ಸೂಚನೆ. ದನಿ ಜೋರಾದಾಗ ಬಾಯಿ ತಾನಾಗಿ ಅಗಲವಾಗುತ್ತದೆ, ಅಕ್ಷರ ಬಿಡಿಬಿಡಿಯಾಗುತ್ತದೆ, ಮುಖದಲ್ಲೂ ಕಳೆ ಬರುತ್ತದೆ. 2024ರಲ್ಲಿ ಪ್ರಕಟವಾದ, ಬ್ರಿಟನ್ನಿನ 388 ರೋಗಿಗಳ ಅಧ್ಯಯನದಲ್ಲಿ ಮಾಮೂಲಿ ಸ್ಪೀಚ್ ಥೆರಪಿಗಿಂತ ಇದೇ ಹೆಚ್ಚು ಫಲ ಕೊಟ್ಟಿತು. ಅದೇ ಅಧ್ಯಯನದಲ್ಲಿ ಗಂಟಲು ಒಡೆದ ದೂರುಗಳೂ ಇದರಲ್ಲೇ ಹೆಚ್ಚು ಕಂಡವು. ಅಂದರೆ ನಿಮ್ಮ ತೊಂದರೆ ಅಪರೂಪದ್ದಲ್ಲ.

ಆ ಪಾಠವನ್ನು ತರಬೇತಾದವರ ಹತ್ತಿರವೇ ಕಲಿಯಬೇಕು. ಅದಾದ ಮೇಲೆ, ಅಥವಾ ಅಲ್ಲಿಯವರೆಗೆ, ದಿನದ ಅಭ್ಯಾಸ ಹೀಗಿರಲಿ.

ಮಾತ್ರೆ ನುಂಗಿ ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಕಳೆದು ಮೈ ಹಗುರಾದ ಹೊತ್ತನ್ನು ಆರಿಸಿಕೊಳ್ಳಿ. ಬೆನ್ನು ನೇರ ನಿಲ್ಲುವ ಗಟ್ಟಿ ಕುರ್ಚಿ, ಪಾದ ಎರಡೂ ನೆಲದ ಮೇಲೆ. ಎರಡು ಗುಟುಕು ನೀರು ಕುಡಿಯಿರಿ. ಉಸಿರು ತುಂಬಿಕೊಳ್ಳುವಾಗ ಭುಜ ಏಳಬಾರದು, ಪಕ್ಕೆಲುಬು ಅಗಲವಾಗಬೇಕು. ಬಾಯನ್ನು ಎರಡು ಬೆರಳು ಹಿಡಿಯುವಷ್ಟು ತೆರೆದು, ಗಟ್ಟಿಯಾಗಿ, ಒಂದೇ ಸಮನೆ "ಆ—" ಎನ್ನಿ. ದನಿ ನಡುಗಲು ಶುರುವಾಗುವ ತನಕ ಮಾತ್ರ. ಕೊನೆಯ ಹನಿ ಉಸಿರನ್ನು ಹಿಂಡಿ ತೆಗೆಯುವುದು ಬೇಡ. ಹೀಗೆ 15 ಸಲ. ಮೊದಲ ವಾರ 6–7 ಸೆಕೆಂಡಿಗೇ ನಿಂತರೂ ಬೇಸರ ಬೇಡ.

ಆಮೇಲೆ "ಆ" ಎನ್ನುತ್ತ ಕೆಳಗಿನ ಶ್ರುತಿಯಿಂದ ಮೇಲಕ್ಕೆ ಏರಿ, ಮೇಲೆ 5 ಸೆಕೆಂಡ್ ನಿಲ್ಲಿ. ಇದು 15 ಸಲ. ಮೇಲಿನಿಂದ ಕೆಳಗಿಳಿಯುವುದೂ 15 ಸಲ. ದನಿ ಒಂದೇ ಮಟ್ಟದಲ್ಲಿ ಉರುಳುವುದಕ್ಕೆ ಮದ್ದು ಇದು. ಕೊನೆಗೆ ದಿನಾ ಆಡುವ 10 ವಾಕ್ಯಗಳನ್ನು ಬರೆದಿಟ್ಟುಕೊಂಡು ಒಂದೊಂದನ್ನೂ 5 ಸಲ, "ಆ" ಎಂದ ಅದೇ ಗಟ್ಟಿ ದನಿಯಲ್ಲಿ ಹೇಳಿ. ವಾಕ್ಯಗಳು ನಿಜವಾಗಿ ನಿಮ್ಮ ಬಾಯಲ್ಲಿ ಬರುವಂಥವೇ ಇರಲಿ: "ಫ್ಯಾನ್ ಆಫ್ ಮಾಡಮ್ಮ", "ಕನ್ನಡಕ ಎಲ್ಲಿಟ್ಟೆ?", "ಯಾರದು ಫೋನು?" ಸುಭಾಷಿತ ಬೇಡ. ಸಮಯ ಉಳಿದರೆ 5 ನಿಮಿಷ ಪತ್ರಿಕೆಯನ್ನು ಗಟ್ಟಿಯಾಗಿ ಓದಿ. ಒಟ್ಟು ಅರ್ಧ ಗಂಟೆ ಹಿಡಿಯುತ್ತದೆ.

ಗಂಟಲು ಕಟ್ಟುವುದೇಕೆ? ಜೋರು ಮಾಡುವ ಕೆಲಸವನ್ನು ಉಸಿರಿಗೆ ಕೊಡದೆ ಕತ್ತಿಗೆ ಕೊಟ್ಟಿರುತ್ತೀರಿ. ಕನ್ನಡಿ ಮುಂದೆ ಕೂತು ನೋಡಿ. ಕತ್ತಿನ ನರ ಉಬ್ಬಿ, ಗದ್ದ ಮುಂದಕ್ಕೆ ಚಾಚಿ, ದನಿ ಕರಕರ ಎಂದರೆ ಅದೇ ತಪ್ಪು. ಆಕಳಿಸುವಂತೆ ಬಾಯಿ ತೆರೆದು ಶುರುಮಾಡಿ, ಅಥವಾ "ಮ್—" ಎಂದು ತುಟಿಯಲ್ಲಿ ಝೇಂಕಾರ ಹಿಡಿದು ಅದನ್ನೇ "ಮಾ—" ಎಂದು ಬಿಚ್ಚಿ. ಇನ್ನೊಂದು ತಪ್ಪೆಂದರೆ ಕಿರುಚುವುದು. ದನಿ ಮೇಲಿನ ಶ್ರುತಿಗೆ ಹೋದರೆ ಅದು ಕಿರುಚಾಟ, ಗಟ್ಟಿತನವಲ್ಲ. ಪಕ್ಕದ ಕೋಣೆಯಲ್ಲಿರುವವರನ್ನು ಕರೆದಂತೆ ಇರಬೇಕು, ಜಗಳವಾಡಿದಂತೆ ಅಲ್ಲ. ಮರುದಿನ ಬೆಳಗ್ಗೆಯೂ ದನಿ ಒಡೆದಿದ್ದರೆ ಹಿಂದಿನ ದಿನ ಹೆಚ್ಚಾಯಿತೆಂದು ಅರ್ಥ. ಆ ದಿನ ಅರ್ಧಕ್ಕೆ ಇಳಿಸಿ. 3 ವಾರವಾದರೂ ಒಡಕು ಹೋಗದಿದ್ದರೆ ಇಎನ್‌ಟಿಗೆ ತೋರಿಸಿ.

ಫೋನಿನಲ್ಲಿ ಶಬ್ದ ಅಳೆಯುವ ಆ್ಯಪ್ ಹಾಕಿಕೊಳ್ಳಬಹುದು. ಅದು ತೋರಿಸುವ ಡೆಸಿಬೆಲ್ ಸಂಖ್ಯೆ ಖಚಿತವಲ್ಲ, ಆದರೆ ಅದೇ ಫೋನು, ಬಾಯಿಂದ ಅದೇ 30 ಸೆಂಟಿಮೀಟರ್ ದೂರ, ಅದೇ ಕೋಣೆ ಎಂದಿಟ್ಟುಕೊಂಡರೆ ನಿಮ್ಮನ್ನು ನಿಮಗೇ ಹೋಲಿಸಿಕೊಳ್ಳಲು ಸಾಕು. ಮಾಮೂಲಿ ಮಾತಿಗಿಂತ 5 ಡೆಸಿಬೆಲ್ ಮೇಲೆ ಎಂದು ಗುರಿ ಇಟ್ಟುಕೊಳ್ಳಿ. ಅಷ್ಟೇನಾ ಎನ್ನಬೇಡಿ, 3 ಡೆಸಿಬೆಲ್ ಏರಿದರೆ ಶಬ್ದದ ಶಕ್ತಿ ಇಮ್ಮಡಿಯಾಗುತ್ತದೆ.

ಪ್ರಶ್ನೆ: ನಮ್ಮ ಯಜಮಾನರು ಹೇಳುವುದು ನನಗೆ ಕೇಳಿಸುವುದಿಲ್ಲ. ನನ್ನ ಕಿವಿ ಮಂದ ಅನ್ನುತ್ತಾರೆ ಅವರು. ಯಾರದು ತಪ್ಪು?

ಉತ್ತರ: ಇಬ್ಬರದೂ ಇರಬಹುದು! ನೀವೂ ಕಿವಿ ಪರೀಕ್ಷೆ ಮಾಡಿಸಿಕೊಳ್ಳಿ. ವಯಸ್ಸಿನ ಕಿವುಡು ಮತ್ತು ಪಾರ್ಕಿನ್ಸನ್ ದನಿ ಒಂದೇ ಮನೆಯಲ್ಲಿ ಸೇರುವುದು ಸಾಮಾನ್ಯ, ಶ್ರವಣಯಂತ್ರದಿಂದ ಅರ್ಧ ಜಗಳ ಮುಗಿಯುತ್ತದೆ. ಇನ್ನರ್ಧಕ್ಕೆ ಅಂತರ ಕಡಿಮೆ ಮಾಡಿ. 2 ಮೀಟರ್ ದೂರದಿಂದ 1 ಮೀಟರಿಗೆ ಬಂದರೆ, ಗದ್ದಲವಿಲ್ಲದ ಜಾಗದಲ್ಲಿ, ದನಿ ಸುಮಾರು 6 ಡೆಸಿಬೆಲ್ ಹೆಚ್ಚಾಗಿ ಕೇಳುತ್ತದೆ. ತಿಂಗಳುಗಟ್ಟಲೆ ಅಭ್ಯಾಸದಿಂದ ಬರುವಷ್ಟು ಲಾಭ ಕುರ್ಚಿ ಎಳೆದುಕೊಂಡರೆ ಸಿಗುತ್ತದೆ. ಟಿವಿ ಆರಿಸಿ, ಅಡುಗೆಮನೆಯ ನಲ್ಲಿ ನಿಲ್ಲಿಸಿ, ಅವರ ಮುಖದ ಮೇಲೆ ಬೆಳಕು ಬೀಳುವಂತೆ ಕೂರಿಸಿ. ತುಟಿ ಕಂಡರೆ ಮಾತು ಅರ್ಧ ತಿಳಿದಂತೆ.

ಪ್ರಶ್ನೆ: ಥೆರಪಿಯಲ್ಲಿ ಅತ್ತೆಯವರ ದನಿ ಚೆನ್ನಾಗಿ ಬರುತ್ತದೆ. ಮನೆಗೆ ಬಂದರೆ ಮತ್ತೆ ಅದೇ ಪಿಸುಮಾತು. ವಾಕ್ಯ ಶುರುವಾಗುವಾಗ ಕೇಳಿಸುತ್ತದೆ, ಕೊನೆ ಮುಳುಗಿಹೋಗುತ್ತದೆ. ಯಾಕೆ ಹೀಗೆ?

ಉತ್ತರ: ವ್ಯಾಯಾಮ ಮಾಡುವಾಗ ಗಮನವೆಲ್ಲ ದನಿಯ ಮೇಲಿರುತ್ತದೆ. ಮಾತುಕತೆಯಲ್ಲಿ ಏನು ಹೇಳಬೇಕೆಂಬುದರ ಮೇಲೆ ಗಮನ ಹೋಗುತ್ತದೆ, ದನಿ ಹಳೆಯ ಅಳತೆಗೆ ಜಾರುತ್ತದೆ. ನಡೆಯುತ್ತ, ಪಾತ್ರೆ ತೊಳೆಯುತ್ತ ಮಾತಾಡಿದರೆ ಇನ್ನೂ ಇಳಿಯುತ್ತದೆ. ಮುಖ್ಯವಾದದ್ದನ್ನು ಹೇಳುವಾಗ ಕೈಕೆಲಸ ನಿಲ್ಲಿಸಿ, ನಿಂತು ಅಥವಾ ಕೂತು ಹೇಳಲಿ.

ಕೊನೆ ಮುಳುಗುವುದು ಕನ್ನಡ ಮಾತಾಡುವವರಿಗೆ ಬೇರೆಯೇ ತಾಪತ್ರಯ. ನಮ್ಮ ವಾಕ್ಯದ ಜೀವ ಇರುವುದು ತುದಿಯಲ್ಲಿ. "ಮಧ್ಯಾಹ್ನದ ಮಾತ್ರೆ ತಗೊಂಡಿದೀನಿ" ಮತ್ತು "ಮಧ್ಯಾಹ್ನದ ಮಾತ್ರೆ ತಗೊಂಡಿಲ್ಲ" ಇವೆರಡೂ "ತಗೊಂಡಿ" ತನಕ ಒಂದೇ. ಉಸಿರು ಅಲ್ಲಿಗೇ ಮುಗಿದರೆ ಕೇಳಿದವರು ಊಹಿಸಬೇಕು, ಊಹೆ ತಪ್ಪಿದರೆ ಮಾತ್ರೆ ಎರಡು ಸಲ ಬೀಳುತ್ತದೆ ಅಥವಾ ತಪ್ಪಿಹೋಗುತ್ತದೆ. ಬೇಕು–ಬೇಡ, ಬರ್ತೀನಿ–ಬರಲ್ಲ, ಆಯ್ತು–ಆಗಿಲ್ಲ, ಎಲ್ಲ ತೀರ್ಮಾನವೂ ಉಸಿರು ತೀರುವ ಜಾಗದಲ್ಲೇ ಕೂತಿದೆ.

ಇದಕ್ಕೆ ಎರಡು ಉಪಾಯ. ಒಂದು, ತೀರ್ಮಾನವನ್ನು ಮುಂದಕ್ಕೆ ತರುವುದು: "ಇಲ್ಲ. ಮಾತ್ರೆ ತಗೊಂಡಿಲ್ಲ." "ಬೇಡ. ಊಟ ಈಗ ಬೇಡ." ಎರಡು ಸಲ ಹೇಳಿದಂತಾಗುತ್ತದೆ ನಿಜ, ಆದರೆ ಒಂದಾದರೂ ಮುಟ್ಟುತ್ತದೆ. ಇನ್ನೊಂದು, ಉಸಿರನ್ನು ತುಂಡು ಮಾಡಿ ಹಂಚುವುದು. ಒಂದು ಉಸಿರಿಗೆ ನಾಲ್ಕೈದು ಪದ, ಅಷ್ಟೇ. "ನಾಳೆ ಬೆಳಗ್ಗೆ ಹತ್ತು ಗಂಟೆಗೆ" — ಉಸಿರು — "ಡಾಕ್ಟರ ಹತ್ರ ಹೋಗ್ಬೇಕು." ಕ್ರಿಯಾಪದಕ್ಕೆ ಮುಂಚೆ ಉಸಿರು ತುಂಬಿಕೊಳ್ಳುವುದು ರೂಢಿಯಾಗಬೇಕು. ವಾರವಿಡೀ ಪತ್ರಿಕೆ ಓದುವಾಗ ಪೆನ್ಸಿಲಿನಲ್ಲಿ ಅಡ್ಡಗೆರೆ ಹಾಕಿಕೊಂಡು, ಗೆರೆ ಬಂದಲ್ಲಿ ನಿಂತು ಉಸಿರೆಳೆದು, ಕೊನೆಯ ಪದವನ್ನು ಮೊದಲ ಪದದಷ್ಟೇ ಗಟ್ಟಿಯಾಗಿ ಓದಲಿ.

ಮನೆಯವರ ಪಾಲಿನದೂ ಇದೆ. "ಏನಂದ್ರಿ? ಕೇಳಿಸಲಿಲ್ಲ, ಜೋರಾಗಿ, ನಿಧಾನವಾಗಿ, ಬಾಯಿಬಿಟ್ಟು ಹೇಳಿ" ಎಂದು ಸರಮಾಲೆ ಹಾಕಬೇಡಿ. ಒಂದೇ ಸನ್ನೆ ಗೊತ್ತುಮಾಡಿಕೊಳ್ಳಿ, ಅಂಗೈ ಮೇಲಕ್ಕೆತ್ತಿದರೆ "ಗಟ್ಟಿಯಾಗಿ" ಎಂದರ್ಥ. ಕೇಳಿಸಿದಷ್ಟನ್ನು ತಿರುಗಿ ಹೇಳಿ ಉಳಿದದ್ದನ್ನು ಮಾತ್ರ ಕೇಳಿ: "ಮಾತ್ರೆ ತನಕ ಕೇಳಿಸ್ತು, ತಗೊಂಡ್ರಾ ಇಲ್ವಾ?" ಇಡೀ ವಾಕ್ಯ ಮತ್ತೆ ಹೇಳಿಸಿದರೆ ಅವರಿಗೆ ದಣಿವು, ಮೂರನೆಯ ಸಲಕ್ಕೆ ಮಾತೇ ಬಿಟ್ಟುಬಿಡುತ್ತಾರೆ. ಅವರ ಪರವಾಗಿ ನೀವೇ ಉತ್ತರ ಕೊಡುವುದಂತೂ ಬೇಡವೇ ಬೇಡ. ಉತ್ತರ ಹೊರಡಲು ಅವರಿಗೆ ಕೆಲವು ಸೆಕೆಂಡ್ ಹಿಡಿಯುತ್ತದೆ. ಮುಖದಲ್ಲಿ ಭಾವ ಕಾಣದಿರುವುದು ಕಾಯಿಲೆಯಿಂದ, ಅಸಡ್ಡೆಯಿಂದಲ್ಲ.

ಪ್ರಶ್ನೆ: ನನ್ನ ಅಣ್ಣನ ದನಿ ಪರವಾಗಿಲ್ಲ, ಆದರೆ ಮಾತು ಓಡುತ್ತದೆ. ಪದಗಳು ಒಂದರ ಮೇಲೊಂದು ಬೀಳುತ್ತವೆ, ಕೆಲವನ್ನು ಮೂರ್ನಾಲ್ಕು ಸಲ ಹೇಳುತ್ತಾನೆ.

ಉತ್ತರ: ಕಾಲು ಸಣ್ಣ ಹೆಜ್ಜೆಯಲ್ಲಿ ಮುಂದಕ್ಕೆ ಓಡಿದಂತೆ ನಾಲಿಗೆಯೂ ಓಡುತ್ತದೆ. ಮೊದಲು ಬಲಿಯಾಗುವುದು ಒತ್ತಕ್ಷರ: "ಕತ್ತೆ" ಹೋಗಿ "ಕತೆ" ಆಗುತ್ತದೆ. ಪ, ತ, ಕ ಹೇಳುವಾಗ ತುಟಿ–ನಾಲಿಗೆ ಪೂರ್ತಿ ಮುಚ್ಚದೆ ಬರೀ ಗಾಳಿಯಾಗಿ ಬರುತ್ತವೆ. "ನಿಧಾನ" ಎಂದು ಹೇಳಿದರೆ ಎರಡು ವಾಕ್ಯದವರೆಗೆ ನಿಂತೀತು. ಹೊರಗಿನಿಂದ ತಾಳ ಬೇಕು. 6 ಚೌಕ ಬರೆದ ರಟ್ಟಿನ ಪಟ್ಟಿ ಮಾಡಿ, ಚೌಕಗಳ ನಡುವೆ ದಪ್ಪ ದಾರ ಅಂಟಿಸಿ. ಒಂದು ಪದಕ್ಕೆ ಒಂದು ಚೌಕ ಮುಟ್ಟುತ್ತ ಮಾತಾಡಲಿ. ದಾರದ ತಡೆ ಬೆರಳನ್ನು ನಿಲ್ಲಿಸುತ್ತದೆ, ಬೆರಳು ನಾಲಿಗೆಯನ್ನು ನಿಲ್ಲಿಸುತ್ತದೆ. ತೊಡೆಯ ಮೇಲೆ ಬೆರಳು ತಟ್ಟುವುದು ಎಲ್ಲರಿಗೂ ಒಗ್ಗದು, ಬೆರಳೂ ಓಡಲು ಶುರುಮಾಡುತ್ತದೆ. ಅದಕ್ಕೇ ದಾರ.

ಪ್ರಶ್ನೆ: ಅಮ್ಮನ ದನಿ ನೀರು ಕುಡಿದ ಮೇಲೆ ಗೊರಗೊರ ಎನ್ನುತ್ತದೆ. ಮಾತಾಡುವಾಗ ಜೊಲ್ಲೂ ಸುರಿಯುತ್ತದೆ. ಇದಕ್ಕೂ ದನಿಯ ವ್ಯಾಯಾಮ ಸಾಕೇ?

ಉತ್ತರ: ಸಾಲದು. ಗೊರಗೊರ ದನಿಯೆಂದರೆ ನೀರು ಧ್ವನಿತಂತುಗಳ ಮೇಲೆ ನಿಂತಿದೆ ಎಂದು ಅರ್ಥ, ಅಲ್ಲಿಂದ ಶ್ವಾಸಕೋಶಕ್ಕೆ ಒಂದೇ ಹೆಜ್ಜೆ. ಕೆಲವರಿಗೆ ಕೆಮ್ಮೂ ಬರುವುದಿಲ್ಲ, ಸದ್ದಿಲ್ಲದೆ ಇಳಿಯುತ್ತದೆ. ಕೆಮ್ಮಿಲ್ಲ ಎಂದು ಧೈರ್ಯ ತಂದುಕೊಳ್ಳಬೇಡಿ. ಊಟಕ್ಕೆ ತುಂಬ ಹೊತ್ತು ಹಿಡಿಯುವುದು, ತೂಕ ಇಳಿಯುವುದು, ಮತ್ತೆ ಮತ್ತೆ ಜ್ವರ–ಕಫ, ಮಾತ್ರೆ ಗಂಟಲಲ್ಲಿ ಸಿಕ್ಕಿಕೊಳ್ಳುವುದು ಇವುಗಳಲ್ಲಿ ಒಂದಿದ್ದರೂ ನುಂಗುವ ಪರೀಕ್ಷೆ ಮಾಡಿಸಿ. ಅಲ್ಲಿಯವರೆಗೆ ನೇರ ಕೂರಿಸಿ, ಚಿಕ್ಕ ಗುಟುಕು, ಒಂದು ಗುಟುಕಿಗೆ ಎರಡು ಸಲ ನುಂಗುವುದು, ನುಂಗುವಾಗ ಮಾತಿಲ್ಲ, ಊಟವಾದ ಮೇಲೆ ಅರ್ಧ ಗಂಟೆ ಮಲಗಿಸದಿರುವುದು. ಗದ್ದ ಎದೆಗೆ ತಾಗಿಸಿ ನುಂಗಿಸುವುದು, ನೀರನ್ನು ಗಂಜಿಯಂತೆ ಮಂದ ಮಾಡಿ ಕೊಡುವುದು ಇವನ್ನು ಯಾರೋ ಹೇಳಿದರೆಂದು ಶುರುಮಾಡಬೇಡಿ. ಒಬ್ಬರಿಗೆ ಒಗ್ಗಿದ್ದು ಇನ್ನೊಬ್ಬರಿಗೆ ತೊಂದರೆ ಕೊಟ್ಟೀತು.

ಜೊಲ್ಲು ಹೆಚ್ಚು ಊರುವುದರಿಂದಲ್ಲ, ನುಂಗುವುದು ಕಡಿಮೆಯಾಗುವುದರಿಂದ ಸುರಿಯುತ್ತದೆ. ತಲೆ ತಗ್ಗಿಸಿ ಕೂರುವುದೂ ಕಾರಣ. ಬಾಯಿ ತೆರೆಯುವ ಮುಂಚೆ "ತುಟಿ ಮುಚ್ಚು, ನುಂಗು, ಆಮೇಲೆ ಮಾತು" ಎಂಬ ಕ್ರಮ ಕಲಿಸಿ. ನುಂಗುವುದು ಸುರಕ್ಷಿತವಾಗಿದ್ದರೆ ಸಕ್ಕರೆಯಿಲ್ಲದ ಚೂಯಿಂಗ್ ಗಮ್ ನುಂಗುವುದನ್ನು ನೆನಪಿಸುತ್ತದೆ. ಜೊಲ್ಲುಗ್ರಂಥಿಗೆ ಬೊಟುಲಿನಮ್ ಇಂಜೆಕ್ಷನ್ ಕೊಡುವುದೂ ಇದೆ. ಬಾಯಿ ಒಣಗಿಸುವ ಕೆಲವು ಮಾತ್ರೆಗಳಿಂದ, ಮುಖ್ಯವಾಗಿ ಟ್ರೈಹೆಕ್ಸಿಫೆನಿಡಿಲ್‌ನಿಂದ, ವಯಸ್ಸಾದವರಲ್ಲಿ ಮರೆವು–ಗೊಂದಲ ಹೆಚ್ಚುತ್ತದೆ. ಅದನ್ನು ಕೇಳಿ ಪಡೆಯುವ ಮುನ್ನ ಯೋಚಿಸಿ.

ಇನ್ನೊಂದು ಎಚ್ಚರಿಕೆ: ನಿದ್ದೆಯಲ್ಲೋ ಎಚ್ಚರದಲ್ಲೋ ಉಸಿರು ಒಳಗೆಳೆಯುವಾಗ ಸೀಟಿಯಂತೆ ಕೀರಲು ಸದ್ದು ಬಂದರೆ ತಡಮಾಡದೆ ವೈದ್ಯರಿಗೆ ತೋರಿಸಿ. ಅದು ಗೊರಕೆಯಲ್ಲ, ಧ್ವನಿಪೆಟ್ಟಿಗೆ ಸರಿಯಾಗಿ ತೆರೆಯುತ್ತಿಲ್ಲದಿರಬಹುದು.

ಪ್ರಶ್ನೆ: ಪಾಠ ಹೇಳುವವರು ಸೊಂಟಕ್ಕೆ ಕಟ್ಟಿಕೊಳ್ಳುವ ಮೈಕ್ ಸೆಟ್ ಉಪಯೋಗಕ್ಕೆ ಬರುತ್ತದೆಯೇ?

ಉತ್ತರ: ದನಿ ಸಣ್ಣದಾಗಿದ್ದು ಅಕ್ಷರ ಸ್ಪಷ್ಟವಾಗಿದ್ದರೆ ಬಹಳ. ಮಾತೇ ತೊದಲುತ್ತಿದ್ದರೆ ತೊದಲು ದೊಡ್ಡದಾಗಿ ಕೇಳುತ್ತದೆ, ಅಷ್ಟೇ. ಕೊಳ್ಳುವ ಮುನ್ನ ಅವರಿಂದಲೇ ಹಾಕಿಸಿ ನೋಡಿ. ಚಿಕ್ಕ ಸ್ವಿಚ್ಚು, ಸಣ್ಣ ಚಾರ್ಜರ್ ಪಿನ್ನು ನಡುಗುವ ಬೆರಳಿಗೆ ಸಿಗುವುದಿಲ್ಲ. ತಲೆಗೆ ಹಾಕುವ ಮೈಕೇ ಆಗಬೇಕು, ಕೊರಳಪಟ್ಟಿಗೆ ಸಿಕ್ಕಿಸುವುದು ತಲೆ ತಗ್ಗಿದಾಗ ಉಜ್ಜಿ ಸದ್ದು ಮಾಡುತ್ತದೆ. ಮೈಕಿನ ತುದಿ ಬಾಯಿಯ ಮೂಲೆಯಿಂದ 2–3 ಸೆಂಟಿಮೀಟರ್ ದೂರ, ಪಕ್ಕಕ್ಕೆ ಇರಲಿ. ನೇರ ಎದುರಿಗಿದ್ದರೆ "ಪ", "ಫ" ಬಂದಾಗ ಢಬ್ ಎನ್ನುತ್ತದೆ. ಕುಯ್ ಎಂದು ಕೂಗಿದರೆ ಸ್ಪೀಕರಿನ ಸದ್ದು ಮೈಕಿಗೆ ವಾಪಸು ಹೋಗುತ್ತಿದೆ: ಸ್ಪೀಕರನ್ನು ಕೇಳುವವರ ಕಡೆ ತಿರುಗಿಸಿ, ಗೋಡೆಯಿಂದ ದೂರ ಸರಿಸಿ, ವಾಲ್ಯೂಮ್ ಒಂದು ಗೆರೆ ಇಳಿಸಿ. ಮೈಕ್ ಬಂತೆಂದು ಅಭ್ಯಾಸ ನಿಲ್ಲಿಸಿದರೆ ಮಾತ್ರ ಇದ್ದ ದನಿಯೂ ಹೋಗುತ್ತದೆ.

ಪ್ರಶ್ನೆ: ಮೆದುಳಿಗೆ ಎಲೆಕ್ಟ್ರೋಡ್ ಹಾಕುವ ಆಪರೇಷನ್ನಿನಿಂದ ದನಿ ಸರಿಹೋಗುತ್ತದೆಯೇ?

ಉತ್ತರ: ದನಿಗಾಗಿ ಆ ಆಪರೇಷನ್ ಮಾಡುವುದಿಲ್ಲ. ನಡುಕ, ಬಿಗಿತ ಕಡಿಮೆಯಾದರೂ ಮಾತು ಕೆಲವರಲ್ಲಿ ಮುಂಚಿಗಿಂತ ಕೆಡುತ್ತದೆ. ಆಪರೇಷನ್ ಆದ ಮೇಲೆ ಕೆಟ್ಟಿದ್ದರೆ ನರರೋಗ ವೈದ್ಯರಿಗೆ ಹೇಳಿ, ಕರೆಂಟಿನ ಸೆಟ್ಟಿಂಗ್ ಬದಲಿಸಿ ನೋಡುತ್ತಾರೆ. ಧ್ವನಿತಂತುಗಳ ನಡುವೆ ಸಂದು ಹೆಚ್ಚಿದ್ದರೆ ತಂತುವನ್ನು ಉಬ್ಬಿಸುವ ಇಂಜೆಕ್ಷನ್ ಇಎನ್‌ಟಿಯಲ್ಲಿ ಇದೆ. ಅದು ಕೆಲವು ತಿಂಗಳಲ್ಲಿ ಕರಗುತ್ತದೆ, ಅಭ್ಯಾಸಕ್ಕೆ ಬದಲಿಯಲ್ಲ.

ಪ್ರಶ್ನೆ: ಮುಂದೆ ಮಾತೇ ಬಾರದಂತಾದರೆ ಎಂಬ ಹೆದರಿಕೆಯಿದೆ. ಈಗಲೇ ದನಿ ರೆಕಾರ್ಡ್ ಮಾಡಿಡಬೇಕೇ?

ಉತ್ತರ: ಮಾಡಿಡಿ, ಮಾತು ಪೂರ್ತಿ ನಿಲ್ಲುವುದು ಎಲ್ಲರಿಗೂ ಆಗುವುದಲ್ಲವಾದರೂ. ದನಿ ಚೆನ್ನಾಗಿರುವಾಗ ಮಾಡಿದ್ದೇ ಉಪಯೋಗಕ್ಕೆ ಬರುವುದು. ಮಾತ್ರೆ ಕೆಲಸ ಮಾಡುತ್ತಿರುವ ಹೊತ್ತು, ಬಟ್ಟೆ–ಹಾಸಿಗೆ ಇರುವ ಕೋಣೆ (ಖಾಲಿ ಕೋಣೆ ಗೊಂಯ್ ಎನ್ನುತ್ತದೆ), ಫ್ಯಾನ್ ಬಂದ್, ಮೈಕ್ ಬಾಯಿಂದ ಒಂದು ಗೇಣು. ಒಂದು ಸಲಕ್ಕೆ 15 ನಿಮಿಷ ಮೀರಬೇಡಿ, ದಣಿದ ದನಿ ದಣಿದಂತೆಯೇ ಉಳಿಯುತ್ತದೆ. ಅಗತ್ಯದ ಮಾತು ಮೊದಲು: ನೋವಿದೆ, ಮಗ್ಗುಲು ಬದಲಿಸಿ, ನೀರು ಬೇಕು, ಸಾಕು, ಯಾರನ್ನಾದರೂ ಕರೆಯಿರಿ. ಆಮೇಲೆ ಮನೆಯವರ ಹೆಸರು ಹಿಡಿದು ಕರೆಯುವುದು, ನಿಮ್ಮದೇ ಬೈಗುಳ, ನಿಮ್ಮದೇ ತಮಾಷೆ. ಒಂದೊಂದು ಮಾತನ್ನೂ ಬೇರೆ ಬೇರೆ ಫೈಲ್ ಮಾಡಿ, "ನೋವು–1", "ನೀರು–1" ಎಂದು ಹೆಸರಿಟ್ಟು, ಫೋನಿನಲ್ಲೊಂದು ಪ್ರತಿ, ಬೇರೊಂದು ಕಡೆ ಇನ್ನೊಂದು ಪ್ರತಿ ಇಡಿ.